ಏಳು ಭಾಷೆಯ ಊರಿನಲ್ಲಿ ಮಾನವ ಹಕ್ಕುಗಳ ಪಾಠ: ಕಾಸರಗೋಡಿನ ಶಾಲೆ, ವಾಚನಾಲಯಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರ್ 10 ಬಂತೆಂದರೆ ನಮ್ಮ ಶಾಲೆಗಳಲ್ಲಿ ಒಂದು ಪ್ರತಿಜ್ಞೆ, ಒಂದು ಭಾಷಣ, ಪುರುಸೊತ್ತಿದ್ದರೆ ಒಂದು ಚಿತ್ರ ಬಿಡಿಸುವ ಸ್ಪರ್ಧೆ. ಮಧ್ಯಾಹ್ನದ ಊಟದ ಹೊತ್ತಿಗೆ ಮಾನವ ಹಕ್ಕುಗಳ ದಿನ ಮುಗಿದಿರುತ್ತದೆ. ಅದೇ ಊಟದ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರುವುದಿಲ್ಲ ಎಂಬುದನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ಇಷ್ಟಕ್ಕೆ ನಿಲ್ಲಬಾರದು ಅಂದುಕೊಂಡಿರುವ ಮಾಸ್ತರು, ಟೀಚರುಗಳಿಗೆ, ವಾಚನಾಲಯದ ಕಾರ್ಯದರ್ಶಿಗಳಿಗೆ, ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘದ ಘಟಕ ನಡೆಸುವವರಿಗೆ, ಕ್ಲಬ್ಬಿನ ಹುಡುಗರಿಗೆ ಈ ಬರಹ. ತಲಾ ಒಂದೂವರೆ ಗಂಟೆಯ ಏಳೆಂಟು ಕೂಟಗಳನ್ನು ನಡೆಸುವ ತಯಾರಿ ಇದ್ದರೆ ಸಾಕು. ಹಣ ಬೇಕಿಲ್ಲ; ಕಪ್ಪುಹಲಗೆ, ಒಂದಿಷ್ಟು ಕಾಗದ, ಚಹಾ.

ಮೊದಲೇ ಒಂದು ಮಾತು. ಸಂಸ್ಕೃತಿಯನ್ನು ಒಂದು ಕಡೆ, ಹಕ್ಕನ್ನು ಇನ್ನೊಂದು ಕಡೆ ಕೂರಿಸಿ ನಡುವೆ ಪಂಚಾಯ್ತಿಕೆ ಮಾಡಲು ಹೊರಟರೆ ಪಾಠ ಕೆಟ್ಟಿತೆಂದೇ ಲೆಕ್ಕ. ಎಲ್ಲ ಸಂಸ್ಕೃತಿಯ ಒಳಗೂ ನೆರಳಲ್ಲಿ ಕೂತವರು ಇರುತ್ತಾರೆ, ಭಾರ ಹೊತ್ತವರೂ ಇರುತ್ತಾರೆ. ಭಾರ ಹೊತ್ತವರು ಏನನ್ನುತ್ತಾರೆ ಎಂದು ಉಳಿದವರಿಗೆ ಕೇಳಿಸುವಂತೆ ಮಾಡುವುದೇ ಈ ಶಿಕ್ಷಣದ ಮುಖ್ಯ ಕೆಲಸ. ಮುಂದಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಹೆಜ್ಜೆ 1: ಎದುರಿಗೆ ಕೂರುವವರು ಯಾರು?

ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಯಲ್ಲಿ ಹೊಗಳುವುದು ಸುಲಭ. ಕನ್ನಡ, ಮಲಯಾಳಂ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಬೆರಳು ಮಡಚಿ ಎಣಿಸಿಯೂ ಬಿಡುತ್ತೇವೆ. ಆದರೆ ಕನ್ನಡ ಮಾಧ್ಯಮದ ಒಂದು ಏಳನೇ ತರಗತಿಯ ಬಾಗಿಲಲ್ಲಿ ನಿಂತು ನೋಡಿ. ಮನೆಯಲ್ಲಿ ಹವ್ಯಕ ಕನ್ನಡ ಆಡುವ ಹುಡುಗಿ, ತುಳು ಬಿಟ್ಟು ಬೇರೆ ಮಾತು ಗೊತ್ತಿಲ್ಲದೆ ಒಂದನೇ ತರಗತಿಗೆ ಬಂದ ಹುಡುಗ, ಬ್ಯಾರಿ ಮನೆಯ ಮಗು, ಅಮ್ಮನ ಜೊತೆ ಮಲಯಾಳಂ, ಅಜ್ಜನ ಜೊತೆ ಕನ್ನಡ ಮಾತಾಡುವವಳು, ಆದಿವಾಸಿ ಕೊರಗರ ಕಾಲೊನಿಯಿಂದ ಬರುವವನು. ಈಗೀಗ ಕಟ್ಟಡ ಕೆಲಸಕ್ಕೆ, ತೋಟದ ಕೆಲಸಕ್ಕೆ ಹೊರರಾಜ್ಯಗಳಿಂದ ಬಂದ ಅತಿಥಿ ಕಾರ್ಮಿಕರ ಮಕ್ಕಳೂ ಕೆಲವು ಶಾಲೆಗಳಲ್ಲಿ ಕಾಣಸಿಗುತ್ತಾರೆ. ಇವರಿಗೆಲ್ಲ "ನಮ್ಮ ಸಂಸ್ಕೃತಿ" ಎಂಬ ಎರಡು ಶಬ್ದ ಒಂದೇ ಅರ್ಥ ಕೊಡುವುದಿಲ್ಲ.

ಹಾಗಾಗಿ ಮೊದಲ ಕೂಟಕ್ಕಿಂತ ಮುಂಚೆ ಒಂದು ನಕ್ಷೆ ಮಾಡಿಕೊಳ್ಳಿ. ಜಾತಿ, ಮತ ಕೇಳಿ ಪಟ್ಟಿ ಮಾಡುವ ಕೆಲಸ ಮಾತ್ರ ಬೇಡ. ಆ ಪ್ರಶ್ನೆ ಕೇಳಿದ ಕ್ಷಣಕ್ಕೇ ಅರ್ಧ ಮಂದಿ ಬಾಯಿ ಮುಚ್ಚಿಕೊಳ್ಳುತ್ತಾರೆ. "ಅಜ್ಜಿ ಬೈಯುವುದು ಯಾವ ಭಾಷೆಯಲ್ಲಿ?" ಎಂದು ಕೇಳಿ. ನಗುತ್ತಾರೆ, ಹೇಳುತ್ತಾರೆ. "ಅಂಗಡಿಯಲ್ಲಿ ಯಾವ ಭಾಷೆ? ವಿಲೇಜ್ ಆಫೀಸಿನಲ್ಲಿ ಯಾವ ಭಾಷೆ? ಹೆದರಿದಾಗ ಬಾಯಿಗೆ ಬರುವುದು ಯಾವುದು?" ಈ ನಾಲ್ಕು ಉತ್ತರ ಕೈಯಲ್ಲಿದ್ದರೆ ಯಾರು ಎಲ್ಲಿ ಸಲೀಸು, ಯಾರು ಎಲ್ಲಿ ಕುಗ್ಗುತ್ತಾರೆ ಎಂಬುದು ನಿಮಗೆ ಗೊತ್ತಾಗುತ್ತದೆ.

ಜಾಗದ ವಿಷಯವೂ ಇದೆ. ದೇವಸ್ಥಾನದ ಸಭಾಭವನ ಪುಕ್ಕಟೆ ಸಿಗುತ್ತದೆ, ಮದ್ರಸದ ಹಾಲ್ ತಂಪಾಗಿರುತ್ತದೆ. ಎರಡೂ ಬೇಡ. ಯಾರೂ ಯಾರ ಮನೆಗೂ ನೆಂಟರಾಗಿ ಬಂದಂತೆ ಆಗಬಾರದು. ವಾಚನಾಲಯ, ಶಾಲೆ, ಅಂಗನವಾಡಿ ಒಳ್ಳೆಯದು. ಶುಕ್ರವಾರದ ಮಧ್ಯಾಹ್ನ, ರಂಜಾನಿನ ಸಂಜೆ, ರಾತ್ರಿಯಿಡೀ ನಡೆಯುವ ದೈವಾರಾಧನೆಯ ಊರ ನೇಮದ ಅಥವಾ ಕಳಿಯಾಟದ ಮರುದಿನ ಬೆಳಿಗ್ಗೆ, ಭಾನುವಾರದ ಪೂಜೆಯ ಹೊತ್ತು ಇವನ್ನೆಲ್ಲ ಬಿಟ್ಟು ದಿನ ಗೊತ್ತುಮಾಡಿ. ಹೊತ್ತು ಗೊತ್ತುಮಾಡುವುದರಲ್ಲೇ ಅರ್ಧ ಪಾಠ ಇದೆ ಎನ್ನುವವನು ನಾನು.

ಹೆಜ್ಜೆ 2: ಮಾತಿಗೊಂದು ಕಟ್ಟು

ಇದಕ್ಕೆ ಹತ್ತು ನಿಮಿಷ ಸಾಕು. ಅವರವರ ಮನೆಮಾತಿನಲ್ಲೇ ಮಾತಾಡಬಹುದು, ಅರ್ಥವಾಗದವರಿಗೆ ಪಕ್ಕದವರು ಹೇಳಿಕೊಡಬೇಕು. "ನಿಮ್ಮವರು" ಎಂಬ ಶಬ್ದ ನಿಷಿದ್ಧ. ಮನೆಯ ಸಂಗತಿ ಯಾರಾದರೂ ಹೇಳಿಕೊಂಡರೆ ಅದು ಅಂಗಡಿ ಜಗಲಿಗೆ ಹೋಗಬಾರದು. ಹಿರಿಯರು ಮೊದಲು, ಕಿರಿಯರು ಆಮೇಲೆ ಎಂಬ ರೂಢಿಯನ್ನು ಈ ಒಂದೂವರೆ ಗಂಟೆಯ ಮಟ್ಟಿಗೆ ತಿರುವುಮುರುವು ಮಾಡಿ; ಕಿರಿಯರೇ ಮೊದಲು ಮಾತಾಡಲಿ. ದೊಡ್ಡವರು ಹೇಳಿದ ಮೇಲೆ ಚಿಕ್ಕವರು "ಹೌದು ಹೌದು" ಅನ್ನುವುದು ನಮ್ಮ ಕಡೆ ಮರ್ಯಾದೆ, ಆದರೆ ಇಲ್ಲಿ ಅದರಿಂದ ಪ್ರಯೋಜನ ಇಲ್ಲ.

ಹೆಜ್ಜೆ 3: ನಮ್ಮದೇ ಗಾಯದಿಂದ ಶುರುಮಾಡಿ

ವಿಶ್ವಸಂಸ್ಥೆ, ಜಿನೀವಾ ಎಂದು ಶುರುಮಾಡಬೇಡಿ. ಗಡಿನಾಡ ಕನ್ನಡಿಗನಿಗೆ ಹಕ್ಕು ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದ ಮೂರು ತಲೆಮಾರು ಕಚೇರಿಯ ಕಿಟಕಿಯ ಎದುರು ನಿಂತು ಕಲಿತ ಪಾಠ ಅದು. ಮಲಯಾಳದಲ್ಲಿ ಮಾತ್ರ ಇರುವ ನೋಟೀಸು, ಕನ್ನಡ ಗೊತ್ತಿಲ್ಲದೆ ಕನ್ನಡ ಮಾಧ್ಯಮಕ್ಕೆ ನೇಮಕವಾಗಿ ಬಂದ ಅಧ್ಯಾಪಕರು, 2017ರಲ್ಲಿ ಕೇರಳದ ಎಲ್ಲ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡುವ ಕಾನೂನು ಬಂದಾಗ ಎದ್ದ ಪ್ರತಿಭಟನೆ. ಇವನ್ನು ಹೇಳಿ ಎಂದರೆ ಎಲ್ಲರೂ ಹೇಳುತ್ತಾರೆ. (ಗಡಿ ವಿವಾದದ ಮಹಾಜನ ವರದಿಯ ಚರ್ಚೆ ಮಾತ್ರ ತೆರೆಯಬೇಡಿ. 1967ರ ಆ ವರದಿ ಚಂದ್ರಗಿರಿ ಹೊಳೆಯ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು, ಜಾರಿಯಾಗಲಿಲ್ಲ. ಮಾತು ಅಲ್ಲಿಗೆ ಹೋದರೆ ಸಂಜೆ ಪೂರ್ತಿ ಅದೇ ತಿಂದುಹಾಕುತ್ತದೆ.)

ಅವರು ಹೇಳಿದ್ದನ್ನೆಲ್ಲ ಹಲಗೆಯ ಎಡಬದಿಗೆ ಬರೆಯಿರಿ. ಬಲಬದಿಗೆ ಕಾನೂನು ಬರೆಯಿರಿ. ಸಂವಿಧಾನದ 29ನೇ ವಿಧಿ: ಸ್ವಂತ ಭಾಷೆ, ಲಿಪಿ, ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕು. 30: ಅಲ್ಪಸಂಖ್ಯಾತರು ಶಾಲೆ ಕಟ್ಟಿ ನಡೆಸುವ ಹಕ್ಕು. 350: ದೇಶದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕು. 350ಎ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಅನುಕೂಲ. ಈ ಕೊನೆಯದು ರಾಜ್ಯ ಪುನರ್ವಿಂಗಡಣೆಯಾದ 1956ರಲ್ಲೇ ಏಳನೇ ತಿದ್ದುಪಡಿಯ ಮೂಲಕ ಸೇರಿದ್ದು. ಗೆರೆ ಎಳೆದವರಿಗೆ ಗೆರೆಯ ಆಚೆ ಉಳಿಯುವವರ ನೆನಪಿತ್ತು ಅನ್ನುವುದಕ್ಕೆ ಇದೇ ಸಾಕ್ಷಿ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಲ್ಲೇ ಪಾಠ ಆಗಬೇಕು ಎನ್ನುತ್ತದೆ.

ಎಡಬದಿಯ ದೂರು, ಬಲಬದಿಯ ವಿಧಿ ಇವೆರಡರ ನಡುವೆ ಗೆರೆ ಎಳೆಯುವ ಕೆಲಸ ಮಕ್ಕಳದ್ದೇ ಆಗಲಿ. ಯಾವ ದೂರಿಗೆ ಗೆರೆ ಸಿಗಲಿಲ್ಲವೋ ಅದು ಮುಂದಿನ ಕೂಟಕ್ಕೆ ಉಳಿಯಲಿ.

ಹೆಜ್ಜೆ 4: ಅದೇ ಕನ್ನಡಿಯನ್ನು ತಿರುಗಿಸಿ

ಮೂರನೇ ಹೆಜ್ಜೆಗೇ ನಿಂತರೆ ನೀವು ನಡೆಸಿದ್ದು ಕನ್ನಡ ಹೋರಾಟದ ಸಭೆ. ಅದೂ ಬೇಕಾದದ್ದೇ, ಆದರೆ ಇದು ಬೇರೆ ಕೆಲಸ.

ಈ ಕೂಟಕ್ಕೆ ಒಂದು ಅರ್ಜಿ ಫಾರಂ ತಯಾರಿಸಿ. ಹೆಸರು, ತಂದೆಯ ಹೆಸರು, ವಿಳಾಸ, ಯಾವ ಸವಲತ್ತು ಬೇಕು, ಸಹಿ, ಅಷ್ಟೇ. ಅದನ್ನು ಬಂಗಾಳಿಯಲ್ಲೋ ಒಡಿಯಾದಲ್ಲೋ ಅಚ್ಚು ಹಾಕಿಸಿ. ಊರಿನ ಕಂಪ್ಯೂಟರ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಹತ್ತು ನಿಮಿಷದ ಕೆಲಸ. ಎಲ್ಲರಿಗೂ ಹಂಚಿ ಹೇಳಿ: "ಐದು ನಿಮಿಷ ಇದೆ. ತುಂಬಿಸದವರಿಗೆ ಇವತ್ತು ಚಹಾ ಇಲ್ಲ." ಏನೂ ವಿವರಿಸಬೇಡಿ. ಯಾರಾದರೂ ಏನಿದು ಎಂದು ಕೇಳಿದರೆ ಗೋಡೆಯ ಕಡೆ ಬೆರಳು ತೋರಿಸಿ. ಗೋಡೆಯಲ್ಲಿ ಸೂಚನೆಗಳಿವೆ, ಅದೇ ಲಿಪಿಯಲ್ಲಿ. ಒಬ್ಬನನ್ನು ಮೊದಲೇ ಗುಮಾಸ್ತನಾಗಿ ಕೂರಿಸಿರಿ. ಅವನ ಕೆಲಸ ಎರಡೇ: ತಪ್ಪು ಫಾರಂ ವಾಪಸ್ ಕೊಡುವುದು, ಮುಖ ನೋಡದೆ "ಮುಂದಿನವರು" ಎನ್ನುವುದು.

ಮೊದಲ ನಿಮಿಷ ನಗು. ಎರಡನೇ ನಿಮಿಷಕ್ಕೆ ಪಕ್ಕದವರ ಕಾಗದ ಇಣುಕುವುದು. ಮೂರರ ಹೊತ್ತಿಗೆ ಯಾವುದೋ ಗೆರೆಯ ಮೇಲೆ ಏನೋ ಒಂದು ಗೀಚಿ ಗುಮಾಸ್ತನ ಹತ್ತಿರ ಓಡುವವರು. ನಾಲ್ಕಕ್ಕೆ ಯಾರೋ ಒಬ್ಬರು ಪೆನ್ನು ಕೆಳಗಿಟ್ಟು ಕೈಕಟ್ಟಿ ಕೂರುತ್ತಾರೆ. ಆ ಕೈಕಟ್ಟಿ ಕೂತವರನ್ನೇ ಮೊದಲು ಮಾತಾಡಿಸಿ: "ಏನನ್ನಿಸಿತು?" ಉತ್ತರ ಬಂದ ಮೇಲೆ ಎರಡನೇ ಪ್ರಶ್ನೆ: "ನಮ್ಮ ಊರಲ್ಲಿ ದಿನಾ ಹೀಗೆ ಕೂರುವವರು ಯಾರು?"

ಇಲ್ಲಿಂದ ಪಾಠ ತಾನಾಗಿ ಸಾಗುತ್ತದೆ. ತುಳು ಮನೆಯ ಮಗುವಿಗೆ ಕನ್ನಡವೇ ಆ ಫಾರಂ ಆಗಿತ್ತಲ್ಲ ಎಂದು ಒಬ್ಬರು ಹೇಳುತ್ತಾರೆ. ಇಷ್ಟು ಜನ ಆಡುವ ತುಳು ಇನ್ನೂ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳ ಪಟ್ಟಿಯಲ್ಲಿ ಇಲ್ಲ ಎಂದು ಇನ್ನೊಬ್ಬರು. ಕೊರಗರಿಗೆ ತಮ್ಮದೇ ಭಾಷೆ ಇದೆ ಎಂಬುದು ಎಷ್ಟೋ ಮಂದಿಗೆ ಅಂದೇ ಗೊತ್ತಾಗುತ್ತದೆ. ಆಗ ಮಕ್ಕಳ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿಯನ್ನು ಓದಿ. 1989ರ ಆ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಅಲ್ಪಸಂಖ್ಯಾತ, ಮೂಲನಿವಾಸಿ ಸಮುದಾಯಗಳ ಮಗುವಿಗೆ ತನ್ನವರ ಜೊತೆಗೂಡಿ ತನ್ನ ಸಂಸ್ಕೃತಿ, ಧರ್ಮ, ಭಾಷೆ ಅನುಭವಿಸುವ ಹಕ್ಕನ್ನು ತಪ್ಪಿಸಬಾರದು ಎನ್ನುತ್ತದೆ ಅದು. ಕಿಟಕಿಯ ಹೊರಗೆ ನಿಂತಾಗ ನಾವು ಕೇಳಿದ್ದೂ ಇದನ್ನೇ, ಒಳಗೆ ಕೂತಾಗ ನಾವು ಕೊಡಬೇಕಾದದ್ದೂ ಇದನ್ನೇ.

(ಅಂದ ಹಾಗೆ, ಕೊನೆಗೆ ಚಹಾ ಎಲ್ಲರಿಗೂ ಕೊಡಿ. ಆಟ ಆಟವಾಗಿಯೇ ಮುಗಿಯಬೇಕು.)

ಹೆಜ್ಜೆ 5: ಈಗ ಘೋಷಣೆಯನ್ನು ತೆರೆಯಿರಿ

ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ 30 ವಿಧಿಗಳಿವೆ. ಕನ್ನಡ ಅನುವಾದ ಸಿಗುತ್ತದೆ. ಬಿಗಿಯಾದ ಭಾಷೆ, ಮಕ್ಕಳಿಗೆ ನೇರವಾಗಿ ಓದಿಸಿದರೆ ನಿದ್ದೆ ಬರುತ್ತದೆ. ಎಂಟೋ ಹತ್ತೋ ಆರಿಸಿ ಗುಂಪುಗಳಿಗೆ ಹಂಚಿ, ತಮ್ಮ ಮನೆಮಾತಿನಲ್ಲಿ ಅಜ್ಜಿಗೆ ಹೇಳುವ ಹಾಗೆ ಹೇಳಿಸಿ. 1, 2, 5, 10, 16, 18, 19, 25, 26, 27 ನನ್ನ ಆಯ್ಕೆ.

"ಇದು ಪರದೇಶದವರು ಮಾಡಿದ್ದು, ನಮಗೇಕೆ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳದಿದ್ದರೆ ನೀವೇ ಎತ್ತಿ. ಒಳ್ಳೆಯ ಪ್ರಶ್ನೆ ಅದು, ಹೊಸತೂ ಅಲ್ಲ. 1947ರಲ್ಲೇ, ಘೋಷಣೆಯ ಕರಡು ನಡೆಯುತ್ತಿದ್ದಾಗ, ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ ಇದೇ ಆಕ್ಷೇಪ ಎತ್ತಿತ್ತು: ಒಂದು ನಾಗರಿಕತೆಯ ಮೌಲ್ಯಗಳನ್ನು ಎಲ್ಲರ ಮೇಲೆ ಹೇರಿದಂತಾಗದೇ? ಉತ್ತರಕ್ಕೆ ಕರಡು ಬರೆದ ಕೋಣೆಯೊಳಗೆ ಯಾರಿದ್ದರು ಎಂದು ನೋಡಬೇಕು. ಲೆಬನಾನಿನ ಚಾರ್ಲ್ಸ್ ಮಲಿಕ್ ಇದ್ದರು, ಚೀನದ ಪಿ. ಸಿ. ಚಾಂಗ್ ಇದ್ದರು. ನಮ್ಮ ಹಂಸಾ ಮೆಹ್ತಾ ಇದ್ದರು. ಒಂದನೇ ವಿಧಿಯಲ್ಲಿ "ಎಲ್ಲ ಪುರುಷರು" ಎಂದು ಓದಿಕೊಳ್ಳಲು ಬರುವಂತಿದ್ದ ಮಾತನ್ನು ಹಟ ಹಿಡಿದು "ಎಲ್ಲ ಮಾನವರು" ಎಂದು ಬದಲಾಯಿಸಿದವರು ಅವರು. 1948ರ ಡಿಸೆಂಬರ್ 10ರಂದು ಪ್ಯಾರಿಸಿನಲ್ಲಿ ಮತಕ್ಕೆ ಹಾಕಿದಾಗ 48 ದೇಶಗಳು ಪರ, ವಿರೋಧ ಯಾರೂ ಇಲ್ಲ, 8 ದೇಶಗಳು ತಟಸ್ಥ. ತಟಸ್ಥರಲ್ಲಿ ಸೋವಿಯತ್ ಬಣದವರಿದ್ದರು, ವರ್ಣಭೇದದ ದಕ್ಷಿಣ ಆಫ್ರಿಕ ಇತ್ತು, ಸೌದಿ ಅರೇಬಿಯ ಇತ್ತು.

ಸೌದಿಯ ಉದಾಹರಣೆಯ ಮೇಲೆ ಸ್ವಲ್ಪ ನಿಲ್ಲಿ. ಮತ ಬದಲಿಸುವ ಸ್ವಾತಂತ್ರ್ಯ ಹೇಳುವ 18ನೇ ವಿಧಿಗೆ ಅವರ ಆಕ್ಷೇಪವಿತ್ತು. ಅದೇ ಸಭೆಯಲ್ಲಿ ಪಾಕಿಸ್ತಾನದ ಜಫರುಲ್ಲಾ ಖಾನ್ ಕುರಾನನ್ನೇ ಮುಂದಿಟ್ಟು ಆ ವಿಧಿಯನ್ನು ಬೆಂಬಲಿಸಿದರು. ಒಂದೇ ಗ್ರಂಥ, ಎರಡು ಓದು. "ನಮ್ಮ ಸಂಸ್ಕೃತಿ ಹೀಗೆ ಹೇಳುತ್ತದೆ" ಎಂದು ಯಾರೇ ಹೇಳಿದರೂ "ಸಂಸ್ಕೃತಿಯ ಪರವಾಗಿ ಮಾತಾಡಲು ನಿಮ್ಮನ್ನು ಯಾರು ಆರಿಸಿದರು?" ಎಂದು ಕೇಳುವ ಧೈರ್ಯ ಮಕ್ಕಳಿಗೆ ಇಲ್ಲಿಂದ ಬರುತ್ತದೆ.

ಹಾಗಂತ ಭಿನ್ನತೆಗೆ ಬೆಲೆ ಇಲ್ಲವೆಂದಲ್ಲ. 1993ರ ವಿಯೆನ್ನಾ ಸಮ್ಮೇಳನ ಎಲ್ಲ ಹಕ್ಕುಗಳೂ ಸಾರ್ವತ್ರಿಕ ಎಂದಿತು. ಜೊತೆಗೆ ಪ್ರಾದೇಶಿಕ, ಸಾಂಸ್ಕೃತಿಕ ಹಿನ್ನೆಲೆಯನ್ನು ಗಮನದಲ್ಲಿ ಇಟ್ಟುಕೊಳ್ಳಬೇಕೆಂದೂ ಹೇಳಿತು. ಯುನೆಸ್ಕೊ 2001ರಲ್ಲಿ ಸಾಂಸ್ಕೃತಿಕ ವೈವಿಧ್ಯದ ಘೋಷಣೆ ಹೊರಡಿಸಿ, ವೈವಿಧ್ಯದ ಹೆಸರು ಹೇಳಿಕೊಂಡು ಯಾರ ಹಕ್ಕನ್ನೂ ಮೊಟಕುಮಾಡುವಂತಿಲ್ಲ ಎಂದು ನಾಲ್ಕನೇ ವಿಧಿಯಲ್ಲಿ ಖಂಡಿತವಾಗಿ ಬರೆಯಿತು.

ಹೆಜ್ಜೆ 6: ಮೂರು ಪ್ರಶ್ನೆಯ ಜರಡಿ

ಇಡೀ ಕಾರ್ಯಕ್ರಮದ ನಡುಗಂಬ ಇದು. ಎರಡು ಕೂಟ ಇದಕ್ಕೇ ಮೀಸಲಿಡಿ. ಯಾವುದೇ ಆಚರಣೆಯ ಮಾತು ಬಂದಾಗ ಮೂರು ಪ್ರಶ್ನೆ ಕೇಳುವುದನ್ನು ರೂಢಿಮಾಡಿಸಿ. ಇದರ ಭಾರ ಯಾರ ಮೇಲೆ ಬೀಳುತ್ತದೆ? ಅವರು ಬೇಡ ಅಂದರೆ ಏನಾಗುತ್ತದೆ? ಇದು ನಡೆಯಲೇಬೇಕು ಎನ್ನುವವರು ಆ ಭಾರ ಹೊರುವವರ ಪೈಕಿಯೋ, ಅಲ್ಲವೋ?

ಹಗುರವಾದದ್ದರಿಂದ ತೊಡಗಿ. ಊಟ, ಉಡುಗೆ, ಮದುವೆಯ ಶಾಸ್ತ್ರ, ಹಬ್ಬದ ಲೆಕ್ಕ. ಮಂಜೇಶ್ವರದ ಉದ್ಯಾವರ ಮಾಡ ಎಂಬ ದೈವಸ್ಥಾನದ ಉತ್ಸವಕ್ಕೆ ಮುಂಚೆ ದೈವದ ಪಾತ್ರಿಗಳು ಅಲ್ಲಿನ ಮಸೀದಿಗೆ ಹೋಗಿ ಆಹ್ವಾನ ಕೊಟ್ಟು ಬರುವ ಕ್ರಮವಿದೆ. ಜರಡಿಯಲ್ಲಿ ಹಾಕಿ ನೋಡಿ, ಏನೂ ಉಳಿಯುವುದಿಲ್ಲ. ಹೆಚ್ಚಿನ ಭಿನ್ನತೆಗಳು ಹೀಗೇ ಸರಾಗವಾಗಿ ಇಳಿದುಹೋಗುತ್ತವೆ ಎಂಬುದನ್ನು ಮಕ್ಕಳು ಮೊದಲು ನೋಡಬೇಕು. ಇಲ್ಲದಿದ್ದರೆ ಹಕ್ಕುಗಳ ಪಾಠ ಎಂದರೆ ಅಜ್ಜ ಅಜ್ಜಿಯರ ಮೇಲೆ ಆರೋಪಪಟ್ಟಿ ಎಂದುಕೊಂಡುಬಿಡುತ್ತಾರೆ.

ನಂತರ ಭಾರದ್ದಕ್ಕೆ ಬನ್ನಿ. ಕೊರಗರ ಡೋಲು ಎಲ್ಲರಿಗೂ ಗೊತ್ತು. ತಮ್ಮ ಹಬ್ಬದಲ್ಲಿ, ತಮ್ಮ ಅಂಗಳದಲ್ಲಿ ಅವರು ಬಾರಿಸಿದರೆ ಅದು ಅವರ ಹೆಮ್ಮೆ, ಕಲೆ. ಅದೇ ಡೋಲನ್ನು ಬೇರೆಯವರ ಕಂಬಳಕ್ಕೋ ಸಾವಿಗೋ ಬಂದು ಬಾರಿಸಲೇಬೇಕು ಎಂದು ಕರೆಸಿ, ಎಂಜಲು ಕೊಟ್ಟು, ಕೋಣಗಳ ಮುಂದೆ ಓಡಿಸುತ್ತಿದ್ದ ಪದ್ಧತಿಗೆ ಅಜಲು ಎಂದು ಹೆಸರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದೂ ಅದರ ಭಾಗವಾಗಿತ್ತು. ತಮ್ಮ ಮನೆಯ ಪೀಡೆ ಅವರಿಗೆ ದಾಟಿ ಹೋಗಲಿ ಎಂಬುದು ಅದರ ಹಿಂದಿದ್ದ ನಂಬಿಕೆ. ಕರ್ನಾಟಕ 2000ದಲ್ಲಿ ಇದಕ್ಕೆಂದೇ ನಿಷೇಧ ಕಾಯ್ದೆ ತಂದಿತು. ಗಡಿಯ ಈಚೆಗೆ ಆ ಕಾಯ್ದೆ ಬರುವುದಿಲ್ಲ, ಆದರೆ ಅಸ್ಪೃಶ್ಯತೆಯನ್ನು ತೊಡೆದುಹಾಕಿದ ಸಂವಿಧಾನದ 17ನೇ ವಿಧಿಯೂ 1989ರ ದೌರ್ಜನ್ಯ ತಡೆ ಕಾಯ್ದೆಯೂ ಇಲ್ಲಿಗೆ ಅನ್ವಯಿಸುತ್ತವೆ. ಎರಡು ಕಡೆಯೂ ಡೋಲು ಅದೇ, ತಾಳ ಅದೇ. ಮೂರು ಪ್ರಶ್ನೆಗಳಿಗೆ ಮಕ್ಕಳೇ ಉತ್ತರ ಬರೆಯಲಿ.

ಇಲ್ಲಿ ಎರಡು ಎಚ್ಚರಿಕೆ. ತರಗತಿಯಲ್ಲಿ ಕೊರಗ ಮಗು ಇದ್ದರೆ "ನೀನು ಹೇಳು" ಎಂದು ಅದನ್ನು ಎಬ್ಬಿಸಿ ನಿಲ್ಲಿಸಬೇಡಿ. ಮೊದಲೇ ಆ ಮನೆಯವರನ್ನು ಕಂಡು, ಈ ವಿಷಯ ತೆಗೆಯುತ್ತೇವೆ, ನಿಮಗೆ ಒಪ್ಪಿಗೆಯೇ ಎಂದು ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಎರಡನೆಯದು, ಅಸ್ಪೃಶ್ಯತೆ ಸರಿಯೋ ತಪ್ಪೋ ಎಂದು ಚರ್ಚಾಸ್ಪರ್ಧೆ ಇಡಬೇಡಿ. ಎಲ್ಲದಕ್ಕೂ ಎರಡು ಮುಖ ಇದೆ ಎನ್ನುವ ಹುರುಪಿನಲ್ಲಿ ಕೆಲವರು ಇಂಥದ್ದನ್ನು ಮಾಡುತ್ತಾರೆ. ಒಬ್ಬ ಮನುಷ್ಯ ಮನುಷ್ಯನೋ ಅಲ್ಲವೋ ಎಂಬುದು ಚರ್ಚೆಗಿಡುವ ವಿಷಯ ಅಲ್ಲ. ಹೇಗೆ ನಿಲ್ಲಿಸುವುದು ಎಂಬುದನ್ನು ಚರ್ಚಿಸಬಹುದು.

"ಹಿಂದಿನಿಂದ ನಡೆದು ಬಂದದ್ದು" ಎಂಬ ವಾದ ಬಂದರೆ ಅಳಿಯಸಂತಾನ ನೆನಪಿಸಿ. ಮಾವನ ಆಸ್ತಿ ಸೋದರಳಿಯನಿಗೆ ಎಂಬುದು ತುಳುನಾಡಿನಲ್ಲಿ ಅಲುಗಾಡದ ಕಟ್ಟಳೆ ಆಗಿತ್ತು. ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಮಾಡಿದ ಕಾನೂನು ಬಂದದ್ದು 1975ರಲ್ಲಿ. ನಮ್ಮ ನಡುವಿನ ಅಜ್ಜಂದಿರ ಕಣ್ಣೆದುರೇ ಕಟ್ಟಳೆ ಬದಲಾಯಿತು, ನೇಮ ಕೋಲ ನಡೆಯುತ್ತಲೇ ಇದೆ.

ಜರಡಿ ಬಹುಸಂಖ್ಯಾತರ ಕಡೆಗೂ ತಿರುಗಬೇಕು. ಅದಕ್ಕೆ ಕೇರಳದ್ದೇ ಒಂದು ಪ್ರಕರಣ ಇದೆ. 1985ರಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಒಡಹುಟ್ಟಿದ ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ನಂಬಿಕೆ ಒಪ್ಪುವುದಿಲ್ಲ ಎಂದರು. ಶಾಲೆಯಿಂದ ಹೊರಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟು, ಗೌರವದಿಂದ ಎದ್ದು ನಿಂತ ಮೇಲೆ ಹಾಡಲೇಬೇಕೆಂಬ ಕಾನೂನು ಇಲ್ಲ ಎಂದು ಹೇಳಿ ಮಕ್ಕಳನ್ನು ವಾಪಸ್ ಸೇರಿಸಲು ಆದೇಶಿಸಿತು. ತೀರ್ಪು ಹೇಳುವ ಮುಂಚೆ ತರಗತಿಯಲ್ಲಿ ಕೈ ಎತ್ತಿಸಿ ನೋಡಿ. ಕೈಗಳು ಎರಡೂ ಕಡೆ ಏಳುತ್ತವೆ, ವಾದ ಬಿಸಿಯಾಗುತ್ತದೆ. ಬಿಸಿಯಾಗಲಿ.

ಹೆಜ್ಜೆ 7: ಹಕ್ಕಿಗೂ ಹಕ್ಕಿಗೂ ಜಗಳ

ಇದಕ್ಕೆ ದೂರ ಹೋಗಬೇಕಿಲ್ಲ, ಎಡನೀರಿಗೆ ಹೋದರೆ ಸಾಕು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ಮಂದಿ ನ್ಯಾಯಾಧೀಶರ ಪೀಠ, 68 ದಿನಗಳ ವಾದ, 1973ರ ಏಪ್ರಿಲ್ 24ರಂದು 7ಕ್ಕೆ 6ರ ತೀರ್ಪು. ಸಂಸತ್ತು ಸಂವಿಧಾನ ತಿದ್ದಬಹುದು, ಅದರ ಮೂಲರಚನೆಯನ್ನು ಕೆಡಿಸುವಂತಿಲ್ಲ ಎಂಬ ತತ್ವ ಹುಟ್ಟಿದ್ದು ಅಲ್ಲಿಂದ. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಹೆಸರು ನಮ್ಮ ಊರಿನದ್ದು, ನಮ್ಮ ಮಕ್ಕಳಿಗೇ ಗೊತ್ತಿರುವುದಿಲ್ಲ.

ನಾಲ್ಕು ಗುಂಪು ಮಾಡಿ: ಮಠದವರು, ಗೇಣಿ ಒಕ್ಕಲು, ಸರಕಾರ, ನ್ಯಾಯಾಧೀಶರು. ಧಾರ್ಮಿಕ ಸಂಸ್ಥೆ ತನ್ನ ಆಸ್ತಿ, ತನ್ನ ವ್ಯವಹಾರ ನೋಡಿಕೊಳ್ಳುವ ಹಕ್ಕು ಒಂದು ಕಡೆ. ತಲೆತಲಾಂತರ ಉತ್ತವನಿಗೆ ನೆಲದ ಹಕ್ಕು ಇನ್ನೊಂದು ಕಡೆ. ಗೆದ್ದವರು ಯಾರು ಎನ್ನುವುದಕ್ಕಿಂತ, ಒಕ್ಕಲಿನ ಪಾತ್ರ ಸಿಕ್ಕ ಭೂಮಾಲಿಕರ ಮನೆಯ ಹುಡುಗ ಏನು ಮಾತಾಡುತ್ತಾನೆ ಎಂದು ಕೇಳಿಸಿಕೊಳ್ಳಿ.

ಹೆಜ್ಜೆ 8: ತಾಳಮದ್ದಳೆಯನ್ನು ಬಳಸಿಕೊಳ್ಳಿ

ವಾದ ಮಾಡಲು ನಮಗೆ ಯಾರೂ ಹೊಸ ವಿಧಾನ ಕಲಿಸಬೇಕಾಗಿಲ್ಲ. ವೇಷ, ಕುಣಿತ ಇಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನ ತಾಳಮದ್ದಳೆ; ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ಇದು. ವಾಲಿವಧೆಯ ಪ್ರಸಂಗ ಎತ್ತಿಕೊಳ್ಳಿ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ಏನು ವೈರ? ಮರೆಯಲ್ಲಿ ನಿಂತು ಏಕೆ ಹೊಡೆದೆ? ಸುಗ್ರೀವ ಹೇಳಿದ್ದನ್ನು ಕೇಳಿದೆಯಲ್ಲ, ನನ್ನ ಮಾತು ಕೇಳಿದೆಯಾ? ಘೋಷಣೆಯ 10 ಮತ್ತು 11ನೇ ವಿಧಿ ಹೇಳುವ ನ್ಯಾಯಯುತ ವಿಚಾರಣೆ ಎಂದರೆ ಇದೇ ತಾನೆ. ಒಳ್ಳೆಯ ಅರ್ಥಧಾರಿ ಇವತ್ತು ರಾಮ, ನಾಳೆ ವಾಲಿ. ಎರಡಕ್ಕೂ ಅಷ್ಟೇ ಪ್ರಾಮಾಣಿಕವಾಗಿ ಅರ್ಥ ಹೇಳುತ್ತಾನೆ. ಮಕ್ಕಳಿಂದಲೂ ಅರ್ಧಕ್ಕೆ ಪಾತ್ರ ಅದಲುಬದಲು ಮಾಡಿಸಿ.

ಒಂದೇ ಕಡೆಯ ಕಥೆಗಳನ್ನು ಮಾತ್ರ ತಂದರೆ ಉಳಿದವರು ಪ್ರೇಕ್ಷಕರಾಗಿಬಿಡುತ್ತಾರೆ. ಮೊಗ್ರಾಲ್ ಮಾಪಿಳ್ಳೆ ಹಾಡುಗಳಿಗೆ ಹೆಸರಾದ ಊರು. ಅಲ್ಲಿಂದ ಹಾಡು ಬಲ್ಲವರನ್ನು ಕರೆಸಿ. ಅಜ್ಜಿಯರು ಹಾಡುವ ತುಳು ಕಥನಗೀತೆ, ಪಾಡ್ದನ ಇದೆ. ಪ್ರತಿ ಮಗುವೂ "ಅನ್ಯಾಯ ಆಯಿತು ಎಂದು ಯಾರೋ ಕೇಳುವ ಕಥೆ" ಒಂದನ್ನು ಮನೆಯಿಂದ ತರಲಿ.

ಹೆಜ್ಜೆ 9: ಎಂಡೋಸಲ್ಫಾನ್

ಇದನ್ನು ಬಿಟ್ಟು ಕಾಸರಗೋಡಿನಲ್ಲಿ ಮಾನವ ಹಕ್ಕು ಕಲಿಸಲಾಗದು. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕ, ಎಣ್ಮಕಜೆಯ ಪಡ್ರೆಯಂಥ ಹಳ್ಳಿಗಳು ಅನುಭವಿಸಿದ್ದು, 2010ರ ಡಿಸೆಂಬರ್ 31ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಶಿಫಾರಸು, 2011ರ ಮೇಯಲ್ಲಿ ಸುಪ್ರೀಂ ಕೋರ್ಟಿನ ತಡೆ, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶ. ಕಾಲರೇಖೆ ಎಳೆಸಿ. ಸುರಿಯುವುದು ನಿಂತ ವರ್ಷಕ್ಕೂ ಪರಿಹಾರದ ಆದೇಶದ ವರ್ಷಕ್ಕೂ ನಡುವಿನ ಅಂತರ ಮಕ್ಕಳೇ ಲೆಕ್ಕ ಹಾಕಲಿ.

ಸಂಸ್ಕೃತಿಯ ಪ್ರಶ್ನೆ ಇಲ್ಲೂ ಇದೆ. ಮಕ್ಕಳ ಕಾಯಿಲೆಗೆ ದೈವದ ಮುನಿಸು ಕಾರಣ ಎಂದು ನಂಬಿ ಹರಕೆ ಹೊತ್ತವರಿದ್ದರು. ಅದನ್ನು ಮೂಢನಂಬಿಕೆ ಎಂದು ನಗೆಯಾಡಬೇಡಿ. ಕಾರಣ ಹೇಳಬೇಕಾದವರು ಹೇಳದೆ ಇದ್ದಾಗ ಜನ ತಮಗೆ ಗೊತ್ತಿದ್ದ ಕಡೆ ಕಾರಣ ಹುಡುಕಿದರು. ಮಾಹಿತಿ ತಿಳಿಯುವ ಹಕ್ಕು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಇಲ್ಲ. ಸಂತ್ರಸ್ತ ಮಕ್ಕಳನ್ನು ನೋಡಲು ತರಗತಿಯನ್ನು ಬಸ್ಸಿನಲ್ಲಿ ಕರೆದೊಯ್ಯುವ ಯೋಚನೆ ಇದ್ದರೆ ಕೈಬಿಡಿ. ಆ ಮನೆಗಳು ಸಾಕಷ್ಟು ಕ್ಯಾಮೆರಾ ನೋಡಿವೆ.

ಹೆಜ್ಜೆ 10: ಆಕ್ಷೇಪ ಬಂದಾಗ

ಬರುತ್ತದೆ. ಕ್ಷೇತ್ರ ಸಮಿತಿಯಿಂದಲೋ ಜಮಾಅತ್‌ನಿಂದಲೋ ಪಿಟಿಎಯಿಂದಲೋ. ಮಕ್ಕಳ ತಲೆ ಕೆಡಿಸುತ್ತೀರಿ ಎನ್ನುತ್ತಾರೆ. ಫೋನಿನಲ್ಲಿ ವಾದ ಮಾಡಬೇಡಿ. "ಒಂದು ಕೂಟಕ್ಕೆ ಬಂದು ಕೂತು ನೋಡಿ" ಅನ್ನಿ. ಬಂದವರಿಗೂ ಅದೇ ನಿಯಮ, ಕಿರಿಯರ ನಂತರ ಮಾತು. ಹಿರಿಯರ ಅನುಭವ ಹಲವು ಸಲ ನಮ್ಮ ಪುಸ್ತಕಕ್ಕಿಂತ ಮುಂದಿರುತ್ತದೆ.

ಹೆಜ್ಜೆ 11: ಮಗು ಏನಾದರೂ ಹೇಳಿಕೊಂಡರೆ

ಇಂಥ ಪಾಠ ಚೆನ್ನಾಗಿ ನಡೆದರೆ ಒಂದು ದಿನ ಕೂಟ ಮುಗಿದ ಮೇಲೆ ಯಾರೋ ಒಬ್ಬರು ಉಳಿದುಕೊಳ್ಳುತ್ತಾರೆ. ಆಗ ಏನು ಮಾಡಬೇಕೆಂದು ಮೊದಲ ಕೂಟಕ್ಕೆ ಮುಂಚೆಯೇ ಗೊತ್ತಿರಬೇಕು. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ನಿಮ್ಮ ಕರ್ತವ್ಯ. ತಿಳಿಸದೆ ಇರುವುದು ಅಪರಾಧ. ಮಗುವಿನ ಹೆಸರು ಹೊರಗೆ ಹೋಗಬಾರದು. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಎಲ್ಲ ಲಿಪಿಗಳಲ್ಲೂ ಇರಲಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ಆದರೆ ಘಟನೆ ನಡೆದು ಒಂದು ವರ್ಷದೊಳಗೆ ಕೊಡಬೇಕು. ರಾಷ್ಟ್ರೀಯ ಆಯೋಗಕ್ಕೆ ಕನ್ನಡದಲ್ಲೇ ಬರೆಯಬಹುದು.

ಹೆಜ್ಜೆ 12: ಕಲಿತದ್ದನ್ನು ಅಳೆಯುವುದು

ಪ್ರಬಂಧ ಸ್ಪರ್ಧೆ ಬೇಡ. ವಿಶ್ವಸಂಸ್ಥೆಯ 2011ರ ಮಾನವ ಹಕ್ಕು ಶಿಕ್ಷಣದ ಘೋಷಣೆ ಮೂರು ಮಾತು ಹೇಳುತ್ತದೆ: ಹಕ್ಕುಗಳ ಬಗ್ಗೆ ಕಲಿಯುವುದು, ಕಲಿಸುವ ರೀತಿಯಲ್ಲೇ ಹಕ್ಕುಗಳನ್ನು ಪಾಲಿಸುವುದು, ಹಕ್ಕುಗಳಿಗಾಗಿ ಕೆಲಸ ಮಾಡಲು ತಯಾರಾಗುವುದು. ಮೊದಲನೆಯದಕ್ಕೆ ಹತ್ತು ಪ್ರಶ್ನೆ ಸಾಕು. ಎರಡನೆಯದನ್ನು ಊಟದ ಸಾಲಿನಲ್ಲಿ ನೋಡಿ. ಮೂರನೆಯದಕ್ಕೆ ಒಂದು ಕೆಲಸ ಕೊಡಿ.

ಕೆಲಸ ಚಿಕ್ಕದಿರಲಿ, ನಿಜದ್ದಿರಲಿ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಮಕ್ಕಳೇ ಸೇರಿ ಒಂದು ಮನವಿ ಬರೆಯಲಿ: ನಮ್ಮ ವಾರ್ಡಿನ ಆರೋಗ್ಯ ಕೇಂದ್ರದ ಫಲಕ ಮಲಯಾಳದಲ್ಲಿದೆ, ಕನ್ನಡದಲ್ಲೂ ಬೇಕು, ಇಲ್ಲಿ ಕೆಲಸಕ್ಕೆ ಬಂದವರಿಗಾಗಿ ಹಿಂದಿಯಲ್ಲೂ ಬೇಕು. ಎರಡನೇ ವಾಕ್ಯ ಬರೆಯಲು ಅವರಾಗಿಯೇ ಮುಂದಾದರೆ ನಿಮ್ಮ ಪಾಠ ತಲುಪಿದೆ. ಮನವಿಗೆ ತಾರೀಕು, ಎಲ್ಲರ ಸಹಿ ಇರಲಿ. ಎರಡು ಪ್ರತಿ ಮಾಡಿ, ಒಂದನ್ನು ಕಚೇರಿಗೆ ಕೊಟ್ಟು ಇನ್ನೊಂದರ ಮೇಲೆ ಮೊಹರು ಹಾಕಿಸಿಕೊಂಡು ಬನ್ನಿ. ಉತ್ತರ ಬರದಿದ್ದರೆ ಮನವಿಯ ಮೇಲೆ ಏನು ಕ್ರಮ ಆಯಿತೆಂದು ಮಾಹಿತಿ ಹಕ್ಕಿನಡಿ ಕೇಳಿ. ಅದಕ್ಕೆ 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಗೆ ಹಚ್ಚುವ ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪನ್ನು ವಾಚನಾಲಯದ ಖರ್ಚಿಗೆ ಹಾಕಿ.